ಬೈಪಾಸ್‌ನಲ್ಲಿ ತಂಪು, ಸರ್ಕಲ್‌ನಲ್ಲಿ ಸೆಕೆ: ಹಳೆ ಸ್ಪೋರ್ಟ್ಸ್ ಕಾರಿನ ಎಸಿ

ಪ್ರಶ್ನೆ: ನನ್ನ ಹತ್ತಿರ 2004ರ ಪೋರ್ಷೆ ಬಾಕ್ಸ್‌ಟರ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೈಪಾಸ್ ಮೇಲೆ ಧಾರವಾಡಕ್ಕೆ ಹೋಗುವಾಗ ಎಸಿ ಚೆನ್ನಾಗಿ ತಂಪು ಕೊಡುತ್ತದೆ. ವಾಪಸ್ ಬಂದು ಚನ್ನಮ್ಮ ಸರ್ಕಲ್‌ನಲ್ಲಿ ನಿಂತರೆ ಸ್ವಲ್ಪ ಹೊತ್ತಿಗೇ ಬಿಸಿ ಗಾಳಿ. ಈ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ಹಾಕಿಸಿದೆ. ಎರಡನೇ ಸಲದ ಮೇಲೆ ತೊಂದರೆ ಇನ್ನೂ ಜಾಸ್ತಿ ಆಗಿದೆ. ಈಗ ‘ಕಂಪ್ರೆಸರ್ ಹೋಗೇತ್ರಿ, ಬದಲಿ ಮಾಡ್ಬೇಕು’ ಅನ್ನುತ್ತಿದ್ದಾರೆ. ಮಾಡಿಸಲಾ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸದ್ಯಕ್ಕೆ ಬೇಡ. ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಓಡಿಸುವ ಪಂಪ್, ನಿಜವಾಗಿ ಸೋತಿದ್ದರೆ ಬೈಪಾಸ್‌ನಲ್ಲೂ ಅಷ್ಟು ಚೆನ್ನಾಗಿ ತಂಪು ಬರುತ್ತಿರಲಿಲ್ಲ. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ನನಗೆ ಮೊದಲು ಅನುಮಾನ ಬರೋದು ಕಂಡೆನ್ಸರ್ (ಗ್ಯಾಸಿನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಜಾಲರಿ) ಮೇಲೆ ಹಾಯುವ ಗಾಳಿಯ ಬಗ್ಗೆ. ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣ್ಣಗೆ ಮಾಡುತ್ತದೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು.

ನಿಮ್ಮ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ ಇದೆ, ಕಂಡೆನ್ಸರ್ ಮುಂದೆ ಇದೆ. ಅದೂ ಒಂದಲ್ಲ, ಎರಡು. ಮುಂದಿನ ಬಂಪರ್‌ನ ಎಡ ಬಲ ಬಾಯಿಗಳ ಒಳಗೆ, ರೇಡಿಯೇಟರ್‌ಗಳ ಮುಂದೆ ಕೂತಿವೆ. ಆ ಬಾಯಿಗಳು ಕಸದ ಬುಟ್ಟಿ ಇದ್ದ ಹಾಗೆ, ಹೋಗಿದ್ದು ಹೊರಗೆ ಬರೋದಿಲ್ಲ. ನಮ್ಮ ಕಡೆ ಒಣ ಎಲೆ, ಕೆಂಪು ಧೂಳು ಸಾಲದು ಅಂತ ಹತ್ತಿಯೂ ಇದೆ. ಹಂಗಾಮಿನಲ್ಲಿ ಅಮರಗೋಳದ ಎಪಿಎಂಸಿ ಕಡೆಯೋ ಗದಗ ರಸ್ತೆಯಲ್ಲೋ ಹತ್ತಿ ಲಾರಿಯ ಹಿಂದೆ ಹೋಗಿದ್ದರೆ ಗೊತ್ತಿರುತ್ತದೆ. ಹಾರುವ ಹತ್ತಿಯ ಎಳೆ ಕಂಡೆನ್ಸರ್‌ನ ಫಿನ್‌ಗಳ, ಅಂದರೆ ತೆಳು ಲೋಹದ ಪಟ್ಟಿಗಳ, ಮೇಲೆ ಕೂತು, ಮೇಲೆ ಧೂಳು ಹಿಡಿದು, ಮಳೆಯಲ್ಲಿ ನೆಂದು, ಒಣಗಿ ಕಂಬಳಿ ಆಗುತ್ತದೆ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಪೂರ್ತಿ ಕಾಣುವುದಿಲ್ಲ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಇನ್ನಷ್ಟು ತುಂಬಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಬಿಸಿಲು ಹೊತ್ತಲ್ಲಿ ಕಾರು ನಿಲ್ಲಿಸಿ ಎಂಜಿನ್ ಚಾಲೂ ಇಡಿ, ಎಸಿ ಪೂರ್ತಿ ಹಾಕಿ. ಗಾಳಿ ಬಿಸಿಯಾಗುವವರೆಗೆ ಕಾಯಿರಿ. ಆಮೇಲೆ ಪೈಪಿನಿಂದ ಎರಡೂ ಕಂಡೆನ್ಸರ್ ಮೇಲೆ ಸಣ್ಣಗೆ ನೀರು ಬಿಡಿ. ಒಂದೆರಡು ನಿಮಿಷದಲ್ಲಿ ಒಳಗೆ ಮತ್ತೆ ತಂಪು ಬಂತಾ? ಹಾಗಾದರೆ ಕಂಪ್ರೆಸರ್ ಮಾತು ಬಿಡಿ, ಗಾಳಿಯ ದಾರಿ ಹುಡುಕಿ.

ಈಗ ಫ್ಯಾನ್. ಎಸಿ ಹಾಕಿದ ತಕ್ಷಣ ಎರಡೂ ಕಡೆಯ ಫ್ಯಾನ್ ನಿಧಾನದ ವೇಗದಲ್ಲಿ ತಿರುಗಬೇಕು. ಎಂಜಿನ್ ಇನ್ನೂ ತಣ್ಣಗಿರುವಾಗಲೇ ನೋಡಿ, ಇದು ಮುಖ್ಯ. ಈ ಕಾರಿನಲ್ಲಿ ನಿಧಾನದ ವೇಗಕ್ಕೆ ಕರೆಂಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಸಣ್ಣ ಭಾಗ) ಮೂಲಕ ಬರುತ್ತದೆ. ಅದು ಸುಟ್ಟುಹೋದರೆ ನಿಧಾನದ ವೇಗ ಪೂರ್ತಿ ಬಂದ್. ಆದರೆ ಎಂಜಿನ್ ತುಂಬ ಬಿಸಿಯಾದಾಗ ಜೋರಿನ ವೇಗ ಮಾತ್ರ ಬರುತ್ತದೆ. ಮೆಕ್ಯಾನಿಕ್ ಅದನ್ನು ನೋಡಿ ‘ಫ್ಯಾನ್ ಓಡಾಕತ್ತೇತಿ ನೋಡ್ರಿ’ ಅನ್ನುತ್ತಾನೆ. ಸುಳ್ಳೇನಲ್ಲ, ಅರ್ಧ ನಿಜ ಅಷ್ಟೇ. ಹಳೆ ಬಾಕ್ಸ್‌ಟರ್‌ಗಳಲ್ಲಿ ಈ ರೆಸಿಸ್ಟರ್ ಹೋಗುವುದು ಮಾಮೂಲು. ಕಂಪ್ರೆಸರ್ ಮುಂದೆ ಅದರ ಖರ್ಚು ಏನೇನೂ ಅಲ್ಲ.

ಕಂಡೆನ್ಸರ್ ತೊಳೆಯಬೇಕಾದರೆ ಬಂಪರ್ ಬಿಚ್ಚಿಸಿಯೇ ತೊಳೆಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರವೂ ಬರಬಾರದು. ಫಿನ್ ಬಗ್ಗಿದರೆ ಗಾಳಿಯ ದಾರಿ ಪೂರ್ತಿ ಮುಚ್ಚಿತು. ಮೊದಲು ಕಸ ಕೈಯಿಂದ ತೆಗೆದು, ಮೆತ್ತನೆ ಬ್ರಶ್ ಆಡಿಸಿ, ಹಿಂದಿನಿಂದ ಮುಂದಕ್ಕೆ ನೀರು ಬಿಡಬೇಕು. ಕೊಳೆತ ಎಲೆಯ ತೇವದಿಂದ ಅಲ್ಯೂಮಿನಿಯಂ ತಿಂದುಹೋಗಿ ಗ್ಯಾಸ್ ಸೋರುವುದೂ ಇಲ್ಲೇ. ಎಣ್ಣೆ ಜಿಡ್ಡಿನ ಕಲೆ ಕಂಡರೆ ಆ ಕಂಡೆನ್ಸರ್ ಬದಲಿಸಿ. ಆಮೇಲೆ ಬಾಯಿಗೆ ಜಾಳಿಗೆ ಹಾಕಿಸಿ, ಆದರೆ ಸೊಳ್ಳೆ ಪರದೆಯಷ್ಟು ಸಣ್ಣದು ಬೇಡ, ಅದೇ ಗಾಳಿ ತಡೆಯುತ್ತದೆ.

ಇನ್ನು ಗ್ಯಾಸ್. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಎಷ್ಟು ಉಳಿದಿದೆ ಅಂತ ತೂಕ ನೋಡದೆ ಮೇಲೆ ಮೇಲೆ ತುಂಬುವುದು ನಮ್ಮಲ್ಲಿ ಚಟವಾಗಿದೆ. ನಿಮ್ಮ ಕಾರಿಗೆ ಎರಡನೇ ಸಲ ಆಗಿದ್ದು ಬಹುಶಃ ಅದೇ. ಗ್ಯಾಸ್ ಜಾಸ್ತಿಯಾದರೆ ಕಂಡೆನ್ಸರ್‌ನಲ್ಲಿ ಜಾಗ ಸಾಲದೆ ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ.

‘ಪ್ರೆಶರ್ ಸರಿ ಇದೆ’ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ನಿಮ್ಮ ಕಾರಿನ ಎಸಿಯಲ್ಲಿರುವ ಆರ್-134ಎ ಗ್ಯಾಸ್ 35 ಡಿಗ್ರಿ ಬಿಸಿಯಲ್ಲಿ, ಎಂಜಿನ್ ಬಂದ್ ಇದ್ದಾಗ, ಎರಡೂ ಗೇಜ್‌ನಲ್ಲಿ ಸುಮಾರು 115 ಪಿಎಸ್‌ಐ ತೋರಿಸುತ್ತದೆ. ಒಳಗೆ ದ್ರವ ರೂಪದಲ್ಲಿ ಒಂದಿಷ್ಟು ಇದ್ದರೂ ಸಾಕು, ಅಷ್ಟೇ ತೋರಿಸುತ್ತದೆ. ಅರ್ಧ ತುಂಬಿದ್ದರೂ ಅದೇ, ಪೂರ್ತಿ ಇದ್ದರೂ ಅದೇ. ಎಂಜಿನ್ ಓಡುವಾಗ ನೋಡಬೇಕು. ನಿಂತಲ್ಲಿ ಎರಡೂ ಕಡೆ ಒತ್ತಡ ಜಾಸ್ತಿ ಇದ್ದರೆ ಗಾಳಿ ಸಾಲದು ಅಥವಾ ಗ್ಯಾಸ್ ಜಾಸ್ತಿ. ಲೋ ಕಡೆ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) ಜಾಸ್ತಿ, ಹೈ ಕಡೆ (ಅದರಿಂದ ಹೊರಡುವ ಕಡೆ) ಕಡಿಮೆ ಇದ್ದರೆ ಆಗ ಕಂಪ್ರೆಸರ್ ಮೇಲೆ ಅನುಮಾನ ಪಡಿ.

ನಿಮ್ಮ ಕಾರಿನ ಗ್ಯಾಸ್ ಪೂರ್ತಿ ಮಷಿನ್‌ಗೆ ಎಳೆಸಿ, ತೂಕ ಬರೆಸಿಕೊಳ್ಳಿ. ಸೋರಿಕೆ ಇಲ್ಲ ಅಂತ ನೈಟ್ರೋಜನ್ ತುಂಬಿ ನೋಡಿಸಿ. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆಸುವುದು, ಮಳೆಗಾಲವಾದರೆ ಇನ್ನೂ ಜಾಸ್ತಿ. ಗೇಜ್ ಪೂರ್ತಿ ವ್ಯಾಕ್ಯೂಮಿನ 30 ಇಂಚು (ಪಾದರಸದ ಲೆಕ್ಕ) ಮುಟ್ಟಲಿಲ್ಲ ಅಂತ ಪಂಪಿಗೆ ಬೈಯಬೇಡಿ. ಅದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ಅದಕ್ಕಿಂತ 600 ಮೀಟರ್‌ಗೂ ಮೇಲಿದೆ, ಇಲ್ಲಿ ಒಳ್ಳೆ ಪಂಪೂ 27-28 ಇಂಚಿಗೆ ನಿಲ್ಲುತ್ತದೆ. ಪಂಪ್ ಬಂದ್ ಮಾಡಿದ ಮೇಲೆ ಮುಳ್ಳು ಅಲ್ಲಾಡದೆ ನಿಂತರೆ ಸಾಕು. ಕೊನೆಗೆ ಕಾರಿನ ಸ್ಟಿಕರ್ ಅಥವಾ ಕೈಪಿಡಿಯಲ್ಲಿ ಇರುವಷ್ಟೇ ಗ್ರಾಂ ತೂಕ ಮಾಡಿ ಹಾಕಿಸಿ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧ ಬೇಡವೇ ಬೇಡ, ಕಾರಿನ ಜೊತೆ ಅಂಗಡಿಯವರ ಮಷಿನನ್ನೂ ಅದು ಕಟ್ಟಿಹಾಕಬಹುದು.

ಪ್ರಶ್ನೆ: ಮಾವನವರು ಬಿಟ್ಟುಹೋದ 1985ರ ವಿದೇಶಿ ಎರಡು ಸೀಟಿನ ಕಾರಿದೆ. ಎಸಿ ಆರ್-12 ಗ್ಯಾಸಿನದು. ಎಲ್ಲೂ ಸಿಗುತ್ತಿಲ್ಲ. ಹೊಸ ಗ್ಯಾಸ್ ನೇರವಾಗಿ ಹಾಕಬಹುದಾ?
(ಸಪ್ತಾಪುರ, ಧಾರವಾಡ)

ಉತ್ತರ: ನೇರವಾಗಿ ಬೇಡ. ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಂಥ ದೇಶಗಳೂ 2010ರ ಹೊತ್ತಿಗೆ ಆರ್-12 ನಿಲ್ಲಿಸಿದವು. ಯಾರಾದರೂ ‘ಒರಿಜಿನಲ್ ಇದೆ’ ಅಂದರೆ ಸ್ವಲ್ಪ ಹುಷಾರು. ಅಡುಗೆ ಗ್ಯಾಸಿನ ಜಾತಿಯ ಮಿಶ್ರಣವೂ ಆ ಹೆಸರಲ್ಲಿ ಬರುತ್ತದೆ, ಬೆಂಕಿ ಹೊತ್ತಿಕೊಳ್ಳುವಂಥದ್ದು.

ಆರ್-134ಎಗೆ ಬದಲಿಸಬಹುದು. ಆದರೆ ಆರ್-12ರ ಜೊತೆ ಇದ್ದ ಮಿನರಲ್ ಎಣ್ಣೆ ಹೊಸ ಗ್ಯಾಸಿನಲ್ಲಿ ಕರಗುವುದಿಲ್ಲ, ಕಂಪ್ರೆಸರ್‌ಗೆ ವಾಪಸ್ ಬರುವುದಿಲ್ಲ. ಹಾಗಾಗಿ ಹಳೆ ಎಣ್ಣೆ ಫ್ಲಶ್ ಮಾಡಿಸಿ, ಎಸ್ಟರ್ ಎಣ್ಣೆ ಹಾಕಿಸಿ. ಡ್ರೈಯರ್ (ಒಳಗಿನ ತೇವ ಹೀರುವ ಡಬ್ಬಿ) ಮತ್ತು ಎಲ್ಲ ಓ-ರಿಂಗ್ (ಜೋಡಣೆಗಳ ರಬ್ಬರ್ ಉಂಗುರ) ಹೊಸದಾಗಲಿ. ಗ್ಯಾಸ್ ಹಳೆಯ ತೂಕದ ಶೇ 80ರಿಂದ 85 ಸಾಕು. ತಂಪು ಮೊದಲಿಗಿಂತ ಸ್ವಲ್ಪ ಕಡಿಮೆ ಅನ್ನಿಸಬಹುದು. ಜಾಗ ಇದ್ದರೆ ದೊಡ್ಡ ಕಂಡೆನ್ಸರ್ ಕೂರಿಸಿ. ಸರ್ವಿಸ್ ಪೋರ್ಟಿನ ಕನೆಕ್ಟರ್ ಬದಲಿಸಿ, ಬಾನೆಟ್ ಒಳಗೆ ಯಾವ ಗ್ಯಾಸ್, ಯಾವ ಎಣ್ಣೆ, ಎಷ್ಟು ಗ್ರಾಂ ಅಂತ ಚೀಟಿ ಅಂಟಿಸಿ. ಮುಂದಿನ ಮೆಕ್ಯಾನಿಕ್ ಅದನ್ನೇ ಮೊದಲು ಹುಡುಕುತ್ತಾನೆ.