ನಿವೃತ್ತಿಯ ಇಡಿಗಂಟು: ಬಡ್ಡಿ ಕೇಳುವ ಮೊದಲು ಅಸಲಿಗೆ ಹೊಣೆ ಯಾರೆಂದು ಕೇಳಿ

ಪ್ರಶ್ನೆ: ನಮ್ಮ ಯಜಮಾನರು ರಸ್ತೆ ಸಾರಿಗೆ ನಿಗಮದಲ್ಲಿ ನಿರ್ವಾಹಕರಾಗಿದ್ದು, 60 ತುಂಬಿ ಈಚೆಗೆ ನಿವೃತ್ತರಾದರು. ಭವಿಷ್ಯ ನಿಧಿ, ಗ್ರ್ಯಾಚುಟಿ, ರಜೆ ನಗದೀಕರಣ ಎಲ್ಲ ಸೇರಿ 28 ಲಕ್ಷ ರೂಪಾಯಿ ಉಳಿತಾಯ ಖಾತೆಯಲ್ಲಿದೆ. ಪಿಂಚಣಿ ತಿಂಗಳಿಗೆ 4 ಸಾವಿರ ಬರುತ್ತದೆ. ಸ್ವಂತ ಮನೆಯಿದೆ, ಸಾಲವಿಲ್ಲ. ಮನೆ ಖರ್ಚಿಗೆ 18 ಸಾವಿರ ಬೇಕು. ಪರಿಚಯದವರೊಬ್ಬರು ಸೌಹಾರ್ದ ಸಹಕಾರಿಯಲ್ಲಿ ಠೇವಣಿ ಇಟ್ಟರೆ ಶೇ 12 ಬಡ್ಡಿ ಸಿಗುತ್ತದೆ ಎನ್ನುತ್ತಿದ್ದಾರೆ. ಮಗ ಕಲಬುರಗಿಯ ರಿಂಗ್ ರಸ್ತೆಯ ಆಚೆ ಪ್ಲಾಟ್ ಕೊಳ್ಳಲು 8 ಲಕ್ಷ ಕೇಳುತ್ತಿದ್ದಾನೆ. ನನಗೆ 56 ವರ್ಷ. ಏನು ಮಾಡುವುದು ಒಳ್ಳೆಯದು?
— ಓದುಗರೊಬ್ಬರು, ಶಹಾಬಾದ

ಉತ್ತರ: ತಾಯಿ, ನೀವು ಹಣವನ್ನು ಎಲ್ಲಿಯೂ ತೊಡಗಿಸುವ ಮೊದಲೇ ಈ ಪ್ರಶ್ನೆ ಕೇಳಿದ್ದೀರಿ, ಅದು ಬಹಳ ಒಳ್ಳೆಯದಾಯಿತು. ನಿವೃತ್ತಿಯ ಹಣ ಒಮ್ಮೆ ಕೈಬಿಟ್ಟರೆ ಮತ್ತೆ ದುಡಿದು ಕೂಡಿಸಲು ವರ್ಷಗಳಿರುವುದಿಲ್ಲ. ಆದ್ದರಿಂದ ಎಷ್ಟು ಬಡ್ಡಿ ಎನ್ನುವುದಕ್ಕಿಂತ ಮೊದಲು, ಅಸಲಿಗೆ ಹೊಣೆ ಯಾರು, ಬೇಕೆಂದಾಗ ಅದು ಕೈಗೆ ಬರುತ್ತದೆಯೇ ಎಂಬುದನ್ನು ನೋಡಬೇಕು.

ಸೌಹಾರ್ದ ಸಹಕಾರಿಗಳು ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ, 1997ರ ಅಡಿಯಲ್ಲಿ ನೋಂದಣಿಯಾದ ಸಂಸ್ಥೆಗಳು. ಸಣ್ಣ ವ್ಯಾಪಾರಿಗಳಿಗೆ ಹೊತ್ತಿಗೆ ಸರಿಯಾಗಿ ಸಾಲ ಕೊಟ್ಟು ಕೈಹಿಡಿದ, ಚೆನ್ನಾಗಿ ನಡೆಯುತ್ತಿರುವ ಸಹಕಾರಿಗಳು ನಮ್ಮ ಭಾಗದಲ್ಲಿ ಖಂಡಿತ ಇವೆ. ಆದರೆ ಹೀಗೆ ಸದಸ್ಯರಿಂದ ಠೇವಣಿ ಪಡೆದು ಸಾಲ ಕೊಡುವ ಪತ್ತಿನ ಸಹಕಾರಿ ಬೇರೆ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರ ಬ್ಯಾಂಕ್ ಬೇರೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇರುತ್ತದೆ. 2020ರ ಫೆಬ್ರುವರಿಯಿಂದ ಇದರ ಮಿತಿ ಅಸಲು ಮತ್ತು ಬಡ್ಡಿ ಸೇರಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಹಂಚಿಟ್ಟರೂ ಮಿತಿ ಅಷ್ಟೇ. ಪತ್ತಿನ ಸಹಕಾರಿಯ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಅವರು ಕೊಡುವ ಠೇವಣಿ ಪತ್ರವನ್ನು ಕೈಯಲ್ಲಿ ಹಿಡಿದು ಓದಿ: ಸಹಕಾರ ಇಲಾಖೆಯ ನೋಂದಣಿ ಸಂಖ್ಯೆ ಮಾತ್ರ ಇದ್ದು, ರಿಸರ್ವ್ ಬ್ಯಾಂಕಿನ ಪರವಾನಗಿಯ ಉಲ್ಲೇಖ ಎಲ್ಲಿಯೂ ಇಲ್ಲದಿದ್ದರೆ ನಿಮ್ಮ ಹಣಕ್ಕೆ ಆ ಸಂಸ್ಥೆಯ ಸಾಲ ವಸೂಲಾತಿಯೇ ಆಧಾರ. ಹೊರಗೆ ಹಾಕಿರುವ ಬೋರ್ಡು ಎಷ್ಟೇ ದೊಡ್ಡದಿರಲಿ, ಈ ಕಾಗದದಲ್ಲಿ ಏನಿದೆ ಎಂಬುದನ್ನೇ ನೋಡಿ.

ಲೆಕ್ಕವನ್ನೂ ಮಾಡಿ ನೋಡೋಣ. 10 ಲಕ್ಷಕ್ಕೆ ಶೇ 12ರಂತೆ ವರ್ಷಕ್ಕೆ 1,20,000 ರೂಪಾಯಿ; ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ರಂತೆ 82,000 ರೂಪಾಯಿ. ವ್ಯತ್ಯಾಸ 38,000. ಇಷ್ಟಕ್ಕಾಗಿ 10 ಲಕ್ಷದ ಅಸಲನ್ನು ಭದ್ರತೆಯಿಲ್ಲದೆ ಇಡಬೇಕೆ ಎಂದು ನೀವಿಬ್ಬರೂ ಕೂತು ಯೋಚಿಸಿ. ನನ್ನ ಅಭಿಪ್ರಾಯದಲ್ಲಿ ಬೇಡ. ಸಾವಿರ, ಎರಡು ಸಾವಿರದ ಭಿಶಿ (ಪರಿಚಿತರ ನಡುವಿನ ಚೀಟಿ) ಹಾಕುವುದು ಬೇರೆ ಮಾತು. ಜೀವಮಾನದ ಗಳಿಕೆಯನ್ನು ಪರಿಚಯದವರ ಮಾತಿನ ಮೇಲೆ ಇಡಬಾರದು.

ಈಗ ತಿಂಗಳ ಆದಾಯದ ವಿಷಯ. ಯಜಮಾನರಿಗೆ 60 ತುಂಬಿರುವುದರಿಂದ ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಹಿರಿಯ ನಾಗರಿಕರ ಉಳಿತಾಯ ಖಾತೆ ತೆರೆಯಬಹುದು. ಗರಿಷ್ಠ ಮಿತಿ 30 ಲಕ್ಷ, ಅವಧಿ 5 ವರ್ಷ. ಅದರಲ್ಲಿ 15 ಲಕ್ಷ ಇಟ್ಟರೆ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ, ಅಂದರೆ ತಿಂಗಳಿಗೆ 10,250 ಸಿಕ್ಕಂತಾಗುತ್ತದೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಜಂಟಿ ಹೆಸರಿನಲ್ಲಿ 6 ಲಕ್ಷ ಇಟ್ಟರೆ ಶೇ 7.4ರಂತೆ ತಿಂಗಳಿಗೆ 3,700. ಪಿಂಚಣಿಯೊಂದಿಗೆ ಇವು ಸೇರಿದರೆ 17,950 ಆಗುತ್ತದೆ, ಮನೆ ಖರ್ಚಿಗೆ ಸರಿಹೋಗುತ್ತದೆ. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಖಾತೆ ತೆರೆಯುವ ದಿನದ ದರವನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ. ಒಮ್ಮೆ ಇಟ್ಟ ಹಣಕ್ಕೆ ಐದು ವರ್ಷ ಅದೇ ದರ ಇರುತ್ತದೆ.

ಹಿರಿಯ ನಾಗರಿಕರ ಖಾತೆಯನ್ನು ನಿಮ್ಮನ್ನೂ ಸೇರಿಸಿ ಜಂಟಿಯಾಗಿ ತೆರೆಯಿರಿ. ಎರಡನೆಯ ಖಾತೆದಾರರಾಗುವ ಪತ್ನಿಗೆ ವಯಸ್ಸಿನ ನಿರ್ಬಂಧವಿಲ್ಲ, ಮತ್ತು ಯಜಮಾನರ ನಂತರವೂ ಆ ಖಾತೆಯನ್ನು ಅವಧಿ ಮುಗಿಯುವವರೆಗೆ ನೀವು ಮುಂದುವರಿಸಬಹುದು. ನಾಮಿನಿ ಕಾಲಂ ಖಾಲಿ ಬಿಟ್ಟ ಅರ್ಜಿಗೆ ಸಹಿ ಹಾಕಬೇಡಿ. ವರ್ಷ ತುಂಬುವ ಮೊದಲು ಖಾತೆ ಮುಚ್ಚಿದರೆ ಬಡ್ಡಿ ಸಿಗುವುದಿಲ್ಲ. ಒಂದರಿಂದ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತವಾಗುತ್ತದೆ. ಬಡ್ಡಿ ವರ್ಷಕ್ಕೆ 1 ಲಕ್ಷ ಮೀರುವುದರಿಂದ, ತೆರಿಗೆ ಬಾಧ್ಯತೆ ಇಲ್ಲವೆಂಬ ಸ್ವಯಂ ಘೋಷಣೆಯನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿಯೇ ಸಲ್ಲಿಸಿದರೆ ಮೂಲದಲ್ಲಿ, ಅಂದರೆ ಬಡ್ಡಿ ಕೊಡುವಾಗಲೇ, ತೆರಿಗೆ ಕಡಿತವಾಗದು.

ಉಳಿದ 7 ಲಕ್ಷದಲ್ಲಿ 2 ಲಕ್ಷವನ್ನು ಆಸ್ಪತ್ರೆ ಮುಂತಾದ ತುರ್ತಿಗೆ ಬ್ಯಾಂಕಿನಲ್ಲಿ ಅಲ್ಪಾವಧಿ ಠೇವಣಿಯಾಗಿ ಇಡಿ. ಇನ್ನು 5 ಲಕ್ಷದ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕಾಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 6ರಷ್ಟು ಏರಿದರೆ ಇಂದಿನ 18 ಸಾವಿರದ ಖರ್ಚು ಹತ್ತು ವರ್ಷದಲ್ಲಿ 32 ಸಾವಿರಕ್ಕೆ ಮುಟ್ಟುತ್ತದೆ, ಆದರೆ ಮೇಲೆ ಹೇಳಿದ ಬಡ್ಡಿ ಬೆಳೆಯುವುದಿಲ್ಲ. ನೀವು ಯಜಮಾನರಿಗಿಂತ ಚಿಕ್ಕವರು. ಈ ಏರಿಕೆಯ ಭಾರ ಹೆಚ್ಚು ಕಾಲ ನಿಮ್ಮ ಮೇಲೆಯೇ ಬೀಳಬಹುದು. ಹಾಗಾಗಿ ಅರ್ಧವನ್ನು ಬ್ಯಾಂಕ್ ಠೇವಣಿಯಲ್ಲಿಟ್ಟು, ಇನ್ನರ್ಧವನ್ನು ಒಂದು ವರ್ಷದ ಅವಧಿಯಲ್ಲಿ ಕಂತುಕಂತಾಗಿ ಇಂಡೆಕ್ಸ್ ಮ್ಯೂಚುವಲ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳಲ್ಲಿ ಹಣ ತೊಡಗಿಸುವ ನಿಧಿ) ಹಾಕಬಹುದು. ಅದರ ಬೆಲೆ ಏರುತ್ತದೆ, ಇಳಿಯುತ್ತದೆ. ಏಳೆಂಟು ವರ್ಷ ಮುಟ್ಟದೆ ಇರಬಲ್ಲೆವು ಎಂಬ ಧೈರ್ಯವಿದ್ದರೆ ಮಾತ್ರ ಮಾಡಿ, ಇಲ್ಲವಾದರೆ ಪೂರ್ತಿ ಠೇವಣಿಯಲ್ಲಿಯೇ ಇರಲಿ.

ಮಗನ ವಿಷಯದಲ್ಲಿ ನಿಮಗೆ ಸಂಕಟವಾಗುವುದು ಸಹಜ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ: 8 ಲಕ್ಷ ಕೊಟ್ಟರೆ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ಅವನಿಗೆ ದುಡಿಯುವ ವರ್ಷಗಳಿವೆ, ಬ್ಯಾಂಕ್ ಸಾಲ ಸಿಗುತ್ತದೆ; ನಿಮಗೆ ಊಟಕ್ಕೆಂದು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆ ಪ್ಲಾಟ್ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೇ, ಬಡಾವಣೆಗೆ ಅನುಮೋದನೆ ಸಿಕ್ಕಿದೆಯೇ ಎಂಬುದನ್ನೂ ಬ್ಯಾಂಕಿನ ವಕೀಲರೇ ಪರಿಶೀಲಿಸುವುದರಿಂದ ಸಾಲದ ದಾರಿಯೇ ಅವನಿಗೂ ಕ್ಷೇಮ. ಕೊಡಲೇಬೇಕೆನಿಸಿದರೆ ಕೊನೆಯ 5 ಲಕ್ಷದಿಂದ ಒಂದೂವರೆ ಲಕ್ಷ ಕೊಡಿ, ಮರಳಿ ಬರುತ್ತದೆಂದು ಲೆಕ್ಕ ಹಿಡಿಯದೆ ಕೊಡಿ.

ಪ್ರಶ್ನೆ: ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡಿದವರಿಗೆ ನನ್ನ ತಮ್ಮ ಡೆಬಿಟ್ ಕಾರ್ಡಿನ ಸಂಖ್ಯೆ ಮತ್ತು ಓಟಿಪಿ ಹೇಳಿಬಿಟ್ಟ. 24 ಸಾವಿರ ಹೋಯಿತು. ಬ್ಯಾಂಕು ತನ್ನ ಹೊಣೆಯಲ್ಲ ಎನ್ನುತ್ತದೆ. ಹಣ ಮರಳಿ ಸಿಗುವುದೇ?
— ಓದುಗರೊಬ್ಬರು, ಹುಮನಾಬಾದ

ಉತ್ತರ: ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಓಟಿಪಿ ಹೇಳಿದ ಪ್ರಕರಣದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ಹಾಗಾಗಿ ಮೊದಲ ದೂರು ಯಾವ ಗಂಟೆಗೆ ಕೊಟ್ಟಿರಿ, ಅದರ ಸಂಖ್ಯೆ ಏನು ಎಂಬ ದಾಖಲೆ ಬಹಳ ಮುಖ್ಯ. ಇನ್ನೂ ಕೊಟ್ಟಿಲ್ಲವಾದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕ್ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ದಾಟಿಸುತ್ತಾರೆ. ನಡುವೆ ಎಲ್ಲಾದರೂ ತಡೆಹಿಡಿಯಲು ಸಾಧ್ಯವಾದರೆ ಆ ಮೊತ್ತ ಮರಳುವ ಅವಕಾಶವಿದೆ. 30 ದಿನದಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಹೊಸ ಕಾರ್ಡ್ ಬಂದಾಗ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ, ಆನ್‌ಲೈನ್ ಖರೀದಿ ಎರಡನ್ನೂ ಬಂದ್ ಮಾಡಿಡಿ. ಏನಾದರೂ ಕೊಳ್ಳುವಾಗ ಮಾತ್ರ ಆನ್‌ಲೈನ್ ಖರೀದಿಯನ್ನು ಚಾಲೂ ಮಾಡಿ, ದಿನದ ಮಿತಿಯನ್ನು ಎರಡು, ಮೂರು ಸಾವಿರಕ್ಕೆ ಇಳಿಸಿಡುವಂತೆ ತಮ್ಮನಿಗೆ ಹೇಳಿ.