ಬೋಲ್ಟ್ ಲೆಕ್ಕ ಸರಿಯಿದ್ದರೆ ಸಾಲದು

ಪತ್ರದ ಸಾರ: ತುಮಕೂರಿನ ಶಿರಾ ಗೇಟ್ ಬಳಿ ಗ್ಯಾರೇಜ್ ಇಟ್ಟಿದ್ದೇನೆ. ಸ್ವಿಫ್ಟ್‌ನಿಂದ ಬಿಚ್ಚಿದ ಕಂಪನಿ ಅಲಾಯ್ ವೀಲ್‌ಗಳನ್ನು ಆನ್‌ಲೈನ್‌ನಲ್ಲಿ ದಾವಣಗೆರೆಯ ಹೋಂಡಾ ಅಮೇಜ್ ಮಾಲೀಕರೊಬ್ಬರಿಗೆ ಮಾರಿದೆ. ಬೋಲ್ಟ್ ಅಳತೆ ಒಂದೇ, ಆದರೂ ‘ಕೂರುತ್ತಿಲ್ಲ, ದುಡ್ಡು ವಾಪಸ್ ಕೊಡಿ’ ಅನ್ನುತ್ತಾರೆ. ಲೇತ್‌ನಲ್ಲಿ ಕೊರೆಸಿಕೊಡಲೇ? ಹಳೇ ಟರ್ಬೊ, ಸದ್ದಿನ ಎಕ್ಸಾಸ್ಟ್ ಕೂಡ ಇವೆ. ‘ರೇಸ್‌ಗೆ ಮಾತ್ರ’ ಅಂತ ಹಾಕಿ ಮಾರಬಹುದೇ?

ಸಂಪಾದಕರ ಉತ್ತರ: ದುಡ್ಡು ವಾಪಸ್ ಕೊಟ್ಟುಬಿಡಿ. ಗಿರಾಕಿ ಸುಳ್ಳು ಹೇಳುತ್ತಿಲ್ಲ. ಎರಡೂ ಕಾರಿನ ಬೋಲ್ಟ್ ಅಳತೆ (ಪಿಸಿಡಿ) 4×100, ಅಂದರೆ 100 ಮಿ.ಮೀ. ವೃತ್ತದ ಮೇಲೆ ನಾಲ್ಕು ಬೋಲ್ಟ್, ನಿಜ. ನೀವಿಬ್ಬರೂ ಅಷ್ಟನ್ನೇ ನೋಡಿ ವ್ಯಾಪಾರ ಕುದುರಿಸಿದಿರಿ, ವೀಲ್‌ನ ನಡುವಿನ ರಂಧ್ರ ಅಳೆಯಲಿಲ್ಲ. ಸ್ವಿಫ್ಟ್‌ನದು 54.1 ಮಿ.ಮೀ., ಅಮೇಜ್‌ನ ಹಬ್, ಅಂದರೆ ಆ ರಂಧ್ರದೊಳಗೆ ಕೂರುವ ಕಾರಿನ ಗುಂಬ, 56.1. ಎರಡು ಮಿಲಿಮೀಟರ್ ಅಡ್ಡ ನಿಂತಿದೆ. ಅಮೇಜ್ ವೀಲ್ ಸ್ವಿಫ್ಟ್‌ಗೆ ಹೋಗುವುದಾಗಿದ್ದರೆ ಸಂದಿ ತುಂಬುವ ಹಬ್ ರಿಂಗ್ ಹಾಕಿ ಸಂಭಾಳಿಸಬಹುದಿತ್ತು. ಕಾರು ಕಂಪನಿಯದಲ್ಲದ, ಹೊರಗಿನ ಅಲಾಯ್‌ಗಳಲ್ಲಿ ರಂಧ್ರ ಸಾಮಾನ್ಯವಾಗಿ ದೊಡ್ಡದಿರುವುದೂ ಇದಕ್ಕೇ. ಲೇತ್ ಸಾಹಸ ಬೇಡ. ನಡು ತಪ್ಪಿ ಕೊರೆದ ವೀಲ್ ಎಂಬತ್ತರ ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗಿಸಿದರೆ ಮತ್ತೆ ಫೋನ್ ಬರುವುದು ನಿಮಗೇ.

ಮುಂದಿನ ಜಾಹೀರಾತಿನಲ್ಲಿ ‘ಒಳ್ಳೇ ಕಂಡೀಷನ್’ ಬಿಟ್ಟು ಅಳತೆ ಹಾಕಿ. ರಿಮ್ ಅಗಲ, ವೀಲ್ ಮೇಲೆ ‘ಇಟಿ’ ಅಂತ ಅಚ್ಚಾಗಿರುವ, ರಿಮ್‌ನ ನಡುಗೆರೆಯಿಂದ ಬೋಲ್ಟ್ ಕೂರುವ ಮುಖಕ್ಕಿರುವ ದೂರ ಅಂದರೆ ಆಫ್‌ಸೆಟ್, ನಡುರಂಧ್ರಕ್ಕೆ ವರ್ನಿಯರ್ ಇಟ್ಟ ಫೋಟೊ, ಯಾವ ವರ್ಷದ ಗಾಡಿಯದು ಎಂಬುದು. ಗೀರು, ಬೆಂಡ್ ಇದ್ದರೆ ಅದರ ಫೋಟೊ ಮೊದಲಿರಲಿ. ಟೈರ್ ಸಮೇತ ಕೊಡುವುದಾದರೆ ಪಕ್ಕದ ನಾಲ್ಕಂಕಿ ಕಾಣಬೇಕು: 2319 ಅಂದರೆ 2019ರ 23ನೇ ವಾರದ ಮಾಲು. ಟೈರಿನ ಬಟನ್ (ಗಾಡಿಗೆರೆ) ಚೆನ್ನಾಗಿದೆ ಅಂತ ತೋರಿಸಿ ಇದನ್ನು ಮುಚ್ಚಿಡುವವರೇ ಜಾಸ್ತಿ.

ಟರ್ಬೊಗೆ ಫೋಟೊ ಸಾಲದು, ವಿಡಿಯೊ ಮಾಡಿ. ಎಂಜಿನ್‌ಗೆ ಗಾಳಿ ನೂಕುವ ಕಂಪ್ರೆಸರ್ ಚಕ್ರದ ತುದಿಯ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಕೊಂಚ ಆಡಿದರೆ ಗಾಬರಿಯಿಲ್ಲ, ಓಡುವಾಗ ಆ ಸಂದಿಯಲ್ಲಿ ಆಯಿಲ್ ತುಂಬಿಕೊಳ್ಳುತ್ತದೆ. ಒಳಕ್ಕೂ ಹೊರಕ್ಕೂ ಆಟ ಕೈಗೆ ಸಿಕ್ಕರೆ, ರೆಕ್ಕೆ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ಅದನ್ನು ರಿಪೇರಿ ಮಾಲು ಅಂತಲೇ ಹೇಳಿ ಮಾರಿ. ಕೊಳ್ಳುವವರಿದ್ದಾರೆ.

ಎಕ್ಸಾಸ್ಟ್ ವಿಷಯದಲ್ಲಿ ‘ರೇಸ್‌ಗೆ ಮಾತ್ರ’ ಬರೀ ಕಣ್ಕಟ್ಟು. ಕೆ-1000 ಎಂಬ ಕಾರು ರ‍್ಯಾಲಿ ತುಮಕೂರು ಸುತ್ತಮುತ್ತ ನಡೆದದ್ದುಂಟು, ಆದರೆ ನಿಮ್ಮ ಪೈಪ್ ಕೊಳ್ಳುವ ಹುಡುಗ ರ‍್ಯಾಲಿಗೆ ಹೋಗುವವನಲ್ಲ, ರಾತ್ರಿ ಬಿ.ಎಚ್. ರಸ್ತೆಯಲ್ಲಿ ಮೆರೆಯುವವನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಪ್ರಕಾರ, ನಿಯಮ ಮೀರಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. ಪೊಲೀಸರು ಹಿಡಿದಾಗ ಅವನು ಹೇಳುವುದು ನಿಮ್ಮ ಹೆಸರನ್ನೇ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತ ಪೈಪನ್ನು ಗುಜರಿಗೆ ಹಾಕಿ. ಬಳಸಿದ ಬ್ರೇಕ್ ಪ್ಯಾಡ್, ಏರ್‌ಬ್ಯಾಗ್ ಮಾತೂ ಬೇಡ.

ನೀವು ಕೇಳದ ಎರಡು ವಿಷಯ. ಬಿಲ್ ಇಲ್ಲದೆ ಯಾರಾದರೂ ವೀಲ್ ತಂದರೆ ಆರ್‌ಸಿ, ಆಧಾರ್ ಜೆರಾಕ್ಸ್ ಇಟ್ಟುಕೊಳ್ಳದೆ ಮುಟ್ಟಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಇದೆ. ‘ಮಿಲಿಟರಿಯಲ್ಲಿದ್ದೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಅಡ್ವಾನ್ಸ್ ಬರುತ್ತೆ’ ಅನ್ನುವ ಗಿರಾಕಿಯ ಫೋನ್ ಅಲ್ಲೇ ಕಟ್ ಮಾಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಈಗಾಗಲೇ ಒತ್ತಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.