ಗುರುಪೂರ್ಣಿಮೆಯ ಸಂಜೆಗೆ ಭೂಪಾಲಿ ಹಾಡಲಿ
ನಮಸ್ಕಾರ. ಬೆಳಗಾವಿಯ ಸಂಗೀತ ಶಾಲೆಯಲ್ಲಿ ಎರಡು ವರ್ಷ ಹಿಂದುಸ್ತಾನಿ ಗಾಯನ ಕಲಿತ ನಿಮ್ಮ ಮಗಳು ಗುರುಪೂರ್ಣಿಮೆಯ ಸಂಜೆ ಪಾಲಕರೆದುರು ಏನು ಹಾಡಬೇಕೆಂದು ಕೇಳಿದ್ದೀರಿ. ಭೂಪಾಲಿ ಹಾಡಲಿ. ಮಧ್ಯಮ, ನಿಷಾದಗಳಿಲ್ಲದ ಐದೇ ಸ್ವರಗಳ ಈ ರಾಗ ರಾತ್ರಿಯ ಮೊದಲ ಪ್ರಹರದ್ದು, ಅಂದರೆ ಸೂರ್ಯಾಸ್ತದ ನಂತರದ ಸುಮಾರು ಮೂರು ಗಂಟೆಗಳದ್ದಾದ್ದರಿಂದ ಹೊತ್ತಿಗೂ ಒಪ್ಪುತ್ತದೆ. ನಿಧಾನ ಗತಿಯ ವಿಲಂಬಿತ ಗಾಯನ ಈಗಲೇ ಬೇಡ. ತಾಳವಿಲ್ಲದೆ ರಾಗವನ್ನು ಬಿಡಿಸುವ ಚಿಕ್ಕ ಆಲಾಪ, ತೀನ್‌ತಾಲದ ಛೋಟಾ ಖ್ಯಾಲ್ (ಚುರುಕು ಗತಿಯ ಚಿಕ್ಕ ರಚನೆ), ಕೆಲವು ಸರಳ ತಾನುಗಳು (ವೇಗದ ಸ್ವರಗುಚ್ಛಗಳು) ಸಾಕು. ಮನೆಯಲ್ಲಿ ಮೊಬೈಲಿನ ತಬಲಾಕ್ಕೆ ಹಾಡಿ ರೂಢಿಯಾದ ಮಕ್ಕಳು ವೇದಿಕೆಯಲ್ಲಿ ಈ ತಾಳದ 16 ಮಾತ್ರೆಗಳ (ಎಣಿಕೆಗಳ) ಆವರ್ತನ ಮುಗಿಸಿ ಸಮ್‌ಗೆ, ಅಂದರೆ ಮತ್ತೆ ಮೊದಲ ಮಾತ್ರೆಗೆ, ಬರುವಾಗ ತಡವರಿಸುವುದುಂಟು. ಆದ್ದರಿಂದ ಗುರುಗಳನ್ನು ಕೇಳಿಕೊಂಡು, ಅಂದು ಸಾಥ್ ನೀಡುವ ತಬಲಾ ವಾದಕರೊಂದಿಗೇ ಮುಂಚಿತವಾಗಿ ಅಭ್ಯಾಸಕ್ಕೆ ಕೂರಿಸಿರಿ. ಉಳಿದ ಮಕ್ಕಳ ಗಾಯನವನ್ನೂ ಅವಳು ಕೊನೆಯವರೆಗೆ ಕೇಳಲಿ. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಬಾಲ್ಯದಲ್ಲಿ ಹಿರಿಯರ ಧ್ವನಿಮುದ್ರಿಕೆಗಳನ್ನು ಕೇಳಿಯೇ ಹಾಡತೊಡಗಿದವರು.